ಆಶ್ವೀಜದ ಸೆಕೆಯೂ ಅಕಾಲದ ವಾದಗಳೂ

ಶರದೃತುವನ್ನು ವರ್ಣಿಸಿದವರು ಕವಿಗಳು. ಅದನ್ನು ಬೆವರಿ ಅನುಭವಿಸಿದವರು ಕರಾವಳಿಯ ನಾವು. ಕಾವ್ಯದ ಶರತ್ಕಾಲದಲ್ಲಿ ಆಕಾಶ ತೊಳೆದಿಟ್ಟಂತೆ ನಿರ್ಮಲ, ಕೆರೆಯ ನೀರು ತಿಳಿ, ನೀರಿನ ಮೇಲೆ ಹಂಸಗಳ ಸಾಲು, ರಾತ್ರಿಯಿಡೀ ಹಾಲು ಚೆಲ್ಲಿದಂತಹ ಬೆಳದಿಂಗಳು. ಈ ಪಾಠವನ್ನು ನಾನು ಎಷ್ಟೋ ವರ್ಷ ಅಕ್ಟೋಬರ್ ತಿಂಗಳಿನ ಮಧ್ಯಾಹ್ನದ ಅವಧಿಯಲ್ಲಿಯೇ ಮಾಡಿದ್ದೇನೆ. ಹಂಚಿನ ಮಾಡಿನ ಕೆಳಗೆ ಐವತ್ತೈದು ಮಕ್ಕಳು ನೋಟುಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನ ಬೆರಳಿನ ಬೆವರಿಗೆ ಸೀಮೆಸುಣ್ಣ ಒದ್ದೆಯಾಗಿ ಕರಿಹಲಗೆಯ ಮೇಲೆ ಮೂಡುತ್ತಲೇ ಇರಲಿಲ್ಲ. ಒಮ್ಮೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಸರ್, ಈ ಕವಿ ಉಡುಪಿಗೆ ಬಂದಿದ್ದರಾ?" ತರಗತಿ ನಕ್ಕಿತು. ನಾನೂ ನಕ್ಕೆ. ಪ್ರಶ್ನೆ ಮಾತ್ರ ಬಹಳ ಸರಿಯಾದುದಾಗಿತ್ತು.

ಕರಾವಳಿಯಲ್ಲಿ ಋತುಗಳು ಆರಲ್ಲ, ಎರಡೇ: ಮಳೆ ಮತ್ತು ಸೆಕೆ. 'ಸೆಕೆ' ಎಂಬ ಪದವನ್ನು ಘಟ್ಟದ ಮೇಲಿನವರಿಗೆ ವಿವರಿಸುವುದು ಕಷ್ಟ. ಅದು ಬಿಸಿಲಲ್ಲ, ಬೇಗೆಯಲ್ಲ, ಝಳವೂ ಅಲ್ಲ. ಬಿಸಿಲಿನಿಂದ ತಪ್ಪಿಸಿಕೊಳ್ಳಲು ನೆರಳಿದೆ. ಸೆಕೆಯಿಂದ ತಪ್ಪಿಸಿಕೊಳ್ಳಲು ಸ್ಥಳವಿಲ್ಲ. ಕಾರಣ ಸರಳವಾಗಿದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಹಾದುಹೋಗುತ್ತಾನೆ. ಆಗಸ್ಟಿನಲ್ಲಿ ಮೋಡದ ಮರೆಯಲ್ಲಿ ದಾಟುವುದರಿಂದ ಅವನು ಬಂದು ಹೋದದ್ದೇ ತಿಳಿಯುವುದಿಲ್ಲ. ಅಕ್ಟೋಬರಿನಲ್ಲಿ ಮುಂಗಾರು ಹಿಂದೆ ಸರಿದೊಡನೆ ಮೋಡದ ಪರದೆ ಸರಿಯುತ್ತದೆ, ಪಡುವಣ ಗಾಳಿ ನಿಲ್ಲುತ್ತದೆ. ನಾಲ್ಕು ತಿಂಗಳು ನೀರು ಕುಡಿದ ನೆಲ ಆ ನೀರನ್ನೆಲ್ಲ ಆವಿಯಾಗಿ ಹಿಂದಿರುಗಿಸುತ್ತದೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ನಮ್ಮ ಮೈಯ ಬೆವರು ಆರುವುದಿಲ್ಲ. ಉಷ್ಣಮಾಪಕ 33 ಡಿಗ್ರಿ ತೋರಿಸಿದರೂ ಮೈ ಅದನ್ನು ನಂಬುವುದಿಲ್ಲ. ಮಧ್ಯಾಹ್ನದ ಮೇಲೆ ಮೂಡಣದಲ್ಲಿ ಗುಡುಗಿ, ನಾಲ್ಕು ಹನಿ ಬಿದ್ದು, ಸೆಕೆ ಇಮ್ಮಡಿಯಾಗುತ್ತದೆ.

ಇದು ಹಿಂದೆಯೂ ಇತ್ತು. ಆದರೆ ನನ್ನ ಬಾಲ್ಯದಲ್ಲಿ ಇದು ಹದಿನೈದು ಇಪ್ಪತ್ತು ದಿನಗಳ ಅತಿಥಿ. ತುಳುವಿನ ನಿರ್ನಾಲ ತಿಂಗಳ ಕೊನೆಗೆ ಬಂದರೆ ಬೊಂತೆಲಿನ ನಡುವಿಗೆ ಹೊರಡುತ್ತಿತ್ತು. ದೀಪಾವಳಿಯ ಎಣ್ಣೆಸ್ನಾನದ ಹೊತ್ತಿಗೆ ನಸುಕಿನಲ್ಲಿ ಬಿಸಿನೀರು ಹಿತವೆನಿಸುತ್ತಿತ್ತು. ಈಗ ಅತಿಥಿಗೆ ಹೊರಡುವ ಮನಸ್ಸಿಲ್ಲ. ಇದು ಕೇವಲ ಮುದುಕರ ಗೊಣಗಾಟವಲ್ಲ ಎಂಬುದಕ್ಕೆ ಹವಾಮಾನ ಇಲಾಖೆಯ ಲೆಕ್ಕವಿದೆ. 1901ರಿಂದ ಇಟ್ಟ ದಾಖಲೆಯಲ್ಲಿ ಭಾರತದ ಅತ್ಯಂತ ಬಿಸಿಯಾದ ಅಕ್ಟೋಬರ್ 2024ರದ್ದು; ದೇಶದ ಸರಾಸರಿ ಉಷ್ಣಾಂಶ 26.92 ಡಿಗ್ರಿ, ಅಂದರೆ ವಾಡಿಕೆಗಿಂತ 1.23 ಡಿಗ್ರಿ ಹೆಚ್ಚು. ಅದರ ಹಿಂದಿನ ವರ್ಷ, 2023ರ ಆಗಸ್ಟ್, ಅದೇ ದಾಖಲೆಯಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ಋತುಗಳು ಪಂಚಾಂಗವನ್ನು ಓದುವುದನ್ನು ಬಿಟ್ಟಿವೆ.

ಈ ಸೆಕೆಗೂ ನಮ್ಮ ನಾಡಿನ ಸಾಂಸ್ಕೃತಿಕ ವಿವಾದಗಳಿಗೂ ಸಂಬಂಧವಿದೆ ಎಂಬುದು ನನ್ನ ಬಹುದಿನಗಳ ಸಿದ್ಧಾಂತ. ಆಧಾರವಿಲ್ಲದೆ ಹೇಳುತ್ತಿಲ್ಲ. ಆಯುರ್ವೇದದ ಋತುಚರ್ಯೆಯ ಪ್ರಕಾರ ಮಳೆಗಾಲದಲ್ಲಿ ದೇಹದಲ್ಲಿ ಸಂಚಯವಾದ ಪಿತ್ತವು ಶರತ್ಕಾಲದ ಹಠಾತ್ ಬಿಸಿಲಿಗೆ ಪ್ರಕೋಪಗೊಳ್ಳುತ್ತದೆ. ಆದ್ದರಿಂದಲೇ ಶರತ್ಕಾಲವು ವೈದ್ಯರಿಗೆ ತಾಯಿಯಂತೆ ಎಂದು ಹಿಂದಿನವರು ಹಾಸ್ಯ ಮಾಡಿದ್ದಾರೆ. ಪಿತ್ತ ಕೆರಳಿದವನು ಏನು ಮಾಡುತ್ತಾನೆ? ಹಿಂದೆ ಹೆಂಡತಿಯ ಮೇಲೆ ರೇಗುತ್ತಿದ್ದ. ಈಗ ಮೊಬೈಲ್ ಕೈಗೆತ್ತಿಕೊಳ್ಳುತ್ತಾನೆ. ವರ್ಷಗಳನ್ನು ಜೋಡಿಸಿ ನೋಡಿರಿ. 'ಕಾಂತಾರ' ಚಿತ್ರ ಬಿಡುಗಡೆಯಾದದ್ದು 2022ರ ಸೆಪ್ಟೆಂಬರ್ 30ರಂದು. ಭೂತಾರಾಧನೆ ಹಿಂದೂ ಸಂಪ್ರದಾಯವೇ ಅಲ್ಲವೇ ಎಂಬ ಚರ್ಚೆಯೂ, ಅದರ ಹಾಡೊಂದರ ರಾಗ ಯಾರದು ಎಂಬ ವ್ಯಾಜ್ಯವೂ ಎದ್ದದ್ದು ಅಕ್ಟೋಬರಿನಲ್ಲಿ. ಕಾರ್ಕಳದ ಪರಶುರಾಮ ಮೂರ್ತಿಯ ಮೇಲ್ಭಾಗ ಬೆಟ್ಟದಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. 'ಕಾಂತಾರ'ದ ಇನ್ನೊಂದು ಭಾಗ ತೆರೆಗೆ ಬಂದು, ಚಿತ್ರಮಂದಿರಗಳಲ್ಲಿ ಕೆಲವರು ದೈವದಂತೆ ವೇಷ ಹಾಕಿ ಕುಣಿದು, ಹಾಗೆ ಮಾಡಬೇಡಿರೆಂದು ಚಿತ್ರತಂಡವೇ ಕೈಮುಗಿಯಬೇಕಾದದ್ದು 2025ರ ಅಕ್ಟೋಬರಿನಲ್ಲಿ. ವಿಜ್ಞಾನದ ಅಧ್ಯಾಪಕರಾಗಿದ್ದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕಾಕತಾಳೀಯ ಎನ್ನುತ್ತಾರೆ. ಅವರ ಮನೆಯಲ್ಲಿ ಹವಾನಿಯಂತ್ರಣ ಯಂತ್ರವಿದೆ.

2023ರ ಅಕ್ಟೋಬರಿನಲ್ಲಿ ಬಂಧುಗಳ ಗೃಹಪ್ರವೇಶಕ್ಕೆಂದು ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡಕದ ಮಾರ್ಗವಾಗಿ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿದ್ದೆ. ಬೈಲೂರು ಹತ್ತಿರವಾದೊಡನೆ ಬಸ್ಸಿನೊಳಗಿನ ತಲೆಗಳೆಲ್ಲ ಉಮಿಕ್ಕಳ ಬೆಟ್ಟದ ದಿಕ್ಕಿಗೆ ತಿರುಗಿದವು. ಅದೇ ವರ್ಷದ ಜನವರಿಯಲ್ಲಿ ಉದ್ಘಾಟನೆಗೊಂಡ ಥೀಮ್ ಪಾರ್ಕಿನ 33 ಅಡಿಯ ಮೂರ್ತಿ ಕಂಚಿನದೇ ಅಲ್ಲವೇ ಎಂಬ ಪ್ರಶ್ನೆ ಆಗ ಪ್ರತಿಯೊಂದು ಚಾದ ಅಂಗಡಿಯಲ್ಲಿಯೂ ಕಾಯುತ್ತಿತ್ತು.

"ಕಂಚು ಆದ್ರೆ ಬಡಿದ್ರೆ ಗಂಟೆಯ ಹಾಗೆ ಶಬ್ದ ಬರ್ಬೇಕು ಮಾರಾಯ್ರೆ," ಎಂದರು ನನ್ನ ಮುಂದಿನ ಆಸನದವರು.

"ನೀವು ಹೋಗಿ ಬಡಿದು ನೋಡಿದ್ದೀರಾ?" ಎಂದರು ಕಿಟಕಿಯ ಬಳಿಯವರು.

"ನಾನು ಎಂತಕ್ಕೆ ಬಡಿಯುವುದು? ಬಡಿದವರು ಹೇಳಿದ್ದು."

"ಬಡಿದವರನ್ನು ನೀವು ನೋಡಿದ್ದೀರಾ?"

ಬೈಲೂರಿನಿಂದ ಜೋಡುರಸ್ತೆಯವರೆಗೆ ಲೋಹಶಾಸ್ತ್ರದ ಇಂತಹ ಪಾಠ ನಡೆಯಿತು. ಕಂಚು, ಹಿತ್ತಾಳೆ, ಫೈಬರು ಎಂದು ಬಸ್ಸು ಮೂರು ಪಂಗಡವಾಯಿತು. ಪ್ರಮಾಣ ಎಂದರೆ ಏನು, ಪ್ರತ್ಯಕ್ಷ ಯಾವುದು, ಕೇಳಿಬಂದ ಮಾತಿಗೆ ಎಷ್ಟು ಬೆಲೆ ಎಂಬ ತರ್ಕಶಾಸ್ತ್ರದ ಪ್ರಶ್ನೆಗಳನ್ನು ಅವರು ಬೆವರೊರೆಸಿಕೊಳ್ಳುತ್ತ ಎತ್ತುತ್ತಿದ್ದರು. ಮೂರ್ತಿ ಯಾವುದರದು ಎಂಬುದನ್ನು ತನಿಖೆಯೂ ನ್ಯಾಯಾಲಯವೂ ನೋಡಿಕೊಳ್ಳಲಿ. ಅದು ನನ್ನ ವಿಷಯವಲ್ಲ. ನನಗೆ ತೋಚಿದ್ದು ಬೇರೆ. ಕೊಡಲಿ ಎಸೆದು ಸಮುದ್ರವನ್ನೇ ಹಿಂದೆ ಸರಿಸಿದನೆಂದು ನಾವು ನಂಬಿದ ಪರಶುರಾಮನು ಟಾರ್ಪಾಲಿನ ಮರೆಯಲ್ಲಿ ಅರ್ಧಕ್ಕಿಳಿದು ಕಡತದ ಅಂತಿಮ ತೀರ್ಮಾನಕ್ಕಾಗಿ ಕಾಯಬೇಕಾಯಿತಲ್ಲ! ಸಮುದ್ರಕ್ಕಿಂತ ಕಡತವೇ ಗಟ್ಟಿ.

ಕಾರ್ಕಳದಲ್ಲಿ ಊಟ ಮುಗಿಸಿ, ಬಿಡುವಿದ್ದುದರಿಂದ ಗೊಮ್ಮಟಬೆಟ್ಟ ಹತ್ತಿದೆ. ಮಧ್ಯಾಹ್ನ ಎರಡೂವರೆಗೆ ಆ ಬೆಟ್ಟ ಹತ್ತುವುದು ವಿವೇಕವಲ್ಲ. ಬರಿಗಾಲಿನಲ್ಲಿ ಕರಿಬಂಡೆಯ ಮೇಲೆ ನಿಂತವರೆಲ್ಲ ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತ ಒಂದು ಬಗೆಯ ಯಕ್ಷಗಾನದ ಹೆಜ್ಜೆ ಹಾಕುತ್ತಿದ್ದರು. ನಮ್ಮ ನಡುವೆ ಅಲುಗಾಡದೆ ನಿಂತವನು ಒಬ್ಬನೇ. 1432ರಲ್ಲಿ ವೀರಪಾಂಡ್ಯ ಭೈರರಸ ಸ್ಥಾಪಿಸಿದ ಸುಮಾರು 42 ಅಡಿಯ ಆ ಬಾಹುಬಲಿ ಆರುನೂರು ವರ್ಷಗಳಿಗೆ ಹತ್ತಿರವಾಗಿ ಅದೇ ಬಿಸಿಲಿನಲ್ಲಿ ನಿಂತಿದ್ದಾನೆ. ಅವನು ಕಲ್ಲೋ ಅಲ್ಲವೋ ಎಂದು ಯಾರೂ ಬಡಿದು ನೋಡಬೇಕಾಗಿಲ್ಲ.

ಅಲ್ಲಿ ನನಗೆ ನೆನಪಾದದ್ದು ಪಂಪನ ಆದಿಪುರಾಣದ ಕಥೆ. ಭರತ ಬಾಹುಬಲಿಯರ ಜಗಳವೂ ಒಂದು ದೊಡ್ಡ ವಿವಾದವೇ. ಎರಡೂ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಕಲಹಕ್ಕೆ ಸೈನಿಕರೇಕೆ ಸಾಯಬೇಕು ಎಂಬ ವಿವೇಕದ ಮಾತು ಬಂತು. ಇಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಾಡಿದರು. ಗೆದ್ದವನು ಬಾಹುಬಲಿ, ಗೆದ್ದದ್ದನ್ನು ಬಿಟ್ಟುಕೊಟ್ಟವನೂ ಅವನೇ. ಇಂದಿನ ವಿವಾದಗಳಲ್ಲಿ ಇದು ತಲೆಕೆಳಗಾಗಿದೆ. ನಾಯಕರಿಬ್ಬರು ಮನೆಯಲ್ಲಿ ತಂಪಾಗಿ ಕುಳಿತಿರುತ್ತಾರೆ, ಸೈನಿಕರು ಬಸ್ಸಿನಲ್ಲಿ ಬೆವರುತ್ತಿರುತ್ತಾರೆ. ಅನೇಕಾಂತವಾದವೆಂಬ ದರ್ಶನ, ಅಂದರೆ ಒಂದು ವಸ್ತುವಿಗೆ ಹಲವು ಮುಖಗಳಿವೆ, ಒಬ್ಬನ ನೋಟಕ್ಕೆ ಅವೆಲ್ಲವೂ ಸಿಗಲಾರವು ಎಂಬ ತಿಳಿವು, ಜೈನರಿಂದ ಬಂದುದು. ಬೆಟ್ಟದ ಎದುರಿಗೇ 1586ರ ಚತುರ್ಮುಖ ಬಸದಿ ಇದೆ. ಯಾವ ದಿಕ್ಕಿನಿಂದ ಬಂದವನಿಗೂ ಅಲ್ಲಿ ಒಂದು ಬಾಗಿಲು ಇದೆ. ಅದನ್ನು ಮಕ್ಕಳಿಗೆ ತೋರಿಸಲು ಎಷ್ಟೋ ಸಲ ಪ್ರವಾಸ ಕರೆದೊಯ್ದಿದ್ದೇನೆ. ಅವರಿಗೆ ನೆನಪಿರುವುದು ಹಿಂದಿರುಗುವಾಗ ಕುಡಿದ ಕಬ್ಬಿನಹಾಲು.

ಬೆಳ್ಮಣ್, ಶಿರ್ವದ ದಾರಿಯಾಗಿ ಸಂಜೆಗೆ ಕಾಪು ಸೇರಿದೆ. ಗಾಳಿ ಸಿಕ್ಕೀತೆಂಬ ಆಸೆಯಿಂದ ಕಡಲಂಚಿಗೆ ಹೋದರೆ ಅರ್ಧ ತಾಲೂಕು ಅದೇ ಆಸೆಯಿಂದ ಅಲ್ಲಿ ನೆರೆದಿತ್ತು. 1901ರ ದೀಪಸ್ತಂಭದ ಬುಡದಲ್ಲಿ ನಿಂತ ಇಬ್ಬರು ಹುಡುಗರು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ 'ಕಾಪು' ಎಂದು ಬರೆಯಬೇಕೋ ಹಳೆಯ ಫಲಕಗಳಂತೆ 'ಕೌಪ್' ಎಂದೋ ಎಂದು ವಾದಿಸುತ್ತಿದ್ದರು. ಕಾಪು ಎಂದರೆ ಕಾವಲು. ಕೌಪ್ ಎಂದರೆ ಏನೂ ಅಲ್ಲ. ಬಾಯಿಬಿಡಬೇಕೆನಿಸಿದರೂ ನಿವೃತ್ತನಾದ ಮೇಲೆ ಬೀದಿಯಲ್ಲಿ ತಿದ್ದುವ ಅಧಿಕಾರವಿಲ್ಲವೆಂದು ಸುಮ್ಮನಾದೆ.

ಕಾಪುವಿನ ಹೆಸರು ಬಂದುದರಿಂದ ಇಲ್ಲಿ ಒಂದು ಮಾತು. ನಗಲಾಗದ ವಿವಾದಗಳೂ ಇವೆ. 2021ರ ಕೊನೆಯಲ್ಲಿ ಉಡುಪಿಯ ಕಾಲೇಜೊಂದರಿಂದ ಆರಂಭವಾದ ಹಿಜಾಬಿನ ವಿವಾದ, 2022ರ ಮಾರ್ಚಿನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯ ಸಂತೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶವಿಲ್ಲದೆ ಹೋದದ್ದು, ಇವು ಸೆಕೆಯ ಹಾಸ್ಯಕ್ಕೆ ಸಿಗುವ ಸಂಗತಿಗಳಲ್ಲ. ಹಾಜರಿ ಪುಸ್ತಕ ಹಿಡಿದವನಿಗೆ ಒಂದು ಹೆಸರಿನ ಮುಂದೆ ದಿನವೂ ಗೈರುಹಾಜರಿ ಬರೆಯುವುದು ಎಂತಹುದೆಂದು ಗೊತ್ತು. ಆ ಸಂಜೆ ಕಾಪುವಿನ ಪೇಟೆಯಲ್ಲಿ ಒಂದು ಚೆಂಡು ಶಂಕರಪುರ ಮಲ್ಲಿಗೆ ಕೊಂಡೆ. ಒಂದು ಚೆಂಡೆಂದರೆ 800 ಹೂ; ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಆ ಗಿಡಗಳನ್ನು ಸಾಕುವವರಲ್ಲಿ ಕ್ರೈಸ್ತ ಮನೆಗಳು ಬಹಳ. ನಸುಕಿನಲ್ಲಿ ಕೊಯ್ಯುವವರು, ಬಾಳೆಯ ನಾರಿನಲ್ಲಿ ಕಟ್ಟುವವರು, ಸಾಗಿಸುವವರು, ಮಾರುವವರು, ದೇವಿಗೋ ದೈವಕ್ಕೋ ಮದುಮಗಳಿಗೋ ಕೊಂಡೊಯ್ಯುವವರು, ಎಲ್ಲರೂ ಒಂದೇ ಮತದವರಲ್ಲ. ಹೂವು ಸೆಕೆಗೆ ಬಾಡುವ ಮೊದಲು ಕೈಯಿಂದ ಕೈಗೆ ದಾಟಬೇಕು. ಅದಕ್ಕೆ ಕಾಯಲು ಸಮಯವಿಲ್ಲ.

ನಮ್ಮವರಿಗೆ ಭಿನ್ನಾಭಿಪ್ರಾಯವನ್ನು ನಿಭಾಯಿಸಲು ಬರುವುದಿಲ್ಲ ಎಂದಲ್ಲ. ಉಡುಪಿಯ ಅಷ್ಟಮಿಯನ್ನೇ ನೋಡಿರಿ. 2025ರಲ್ಲಿ ದೇಶದ ಬಹುಭಾಗ ಆಗಸ್ಟ್ 16ರಂದು ಕೃಷ್ಣನ ಹುಟ್ಟುಹಬ್ಬ ಆಚರಿಸಿ ಮುಗಿಸಿತು. ಸೌರಮಾನದ ಸಿಂಹಮಾಸವನ್ನು ಹಿಡಿಯುವ ಉಡುಪಿಯ ಕೃಷ್ಣಮಠದಲ್ಲಿ ಅವನು ಹುಟ್ಟಿದ್ದು ಸೆಪ್ಟೆಂಬರ್ 14ರಂದು, ವಿಟ್ಲಪಿಂಡಿ ಮರುದಿನ. ದೇವರ ಜನ್ಮದಿನದಲ್ಲಿಯೇ ಒಂದು ತಿಂಗಳ ವ್ಯತ್ಯಾಸ! ಬೇರೆ ದೇಶದಲ್ಲಾದರೆ ಇದಕ್ಕೆ ಯುದ್ಧವೇ ಆಗುತ್ತಿತ್ತೇನೋ. ನಮ್ಮ ದೊಡ್ಡಮ್ಮ ಮಾತ್ರ ಎರಡು ದಿನವೂ ಉಂಡೆ ಚಕ್ಕುಲಿ ಮಾಡುತ್ತಿದ್ದರು. "ಮಗು ಎರಡು ಸಲ ಹುಟ್ಟಿದ್ರೆ ನಮಗೆಂತ ನಷ್ಟ?" ಎಂಬುದು ಅವರ ಜ್ಯೋತಿಷ್ಯ.

ಎಲ್ಲ ಪ್ರಶ್ನೆಗಳಿಗೂ ಚಕ್ಕುಲಿಯ ಪರಿಹಾರವಿಲ್ಲ, ನಿಜ. 2025ರ ಅಕ್ಟೋಬರಿನಲ್ಲಿ ಮಣಿಪಾಲದ ಟೈಗರ್ ಸರ್ಕಲಿನ ಬಳಿ ಒಂದು ಅಂಗಡಿಯಲ್ಲಿ ಪುನರ್ಪುಳಿ ಶರಬತ್ತು ಕುಡಿಯುತ್ತಿದ್ದೆ. ಸಿನಿಮಾ ನೋಡಿ ಬಂದ ಹೊರರಾಜ್ಯದ ವಿದ್ಯಾರ್ಥಿಗಳು ದೈವದ ವೇಷದ ಬಗ್ಗೆ ಚರ್ಚಿಸುತ್ತಿದ್ದರು. ಅಂಗಡಿಯವರು ಮೆಲ್ಲನೆ ಹೇಳಿದರು: "ನಮಗೆ ಅದು ವೇಷ ಅಲ್ಲ. ನಮ್ಮ ಮನೆಯ ಹಿರಿಯರ ಹಾಗೆ." ಒಬ್ಬ ಹುಡುಗಿ ಮರ್ಯಾದೆಯಿಂದಲೇ ಕೇಳಿದಳು, ಹಾಗಾದರೆ ಅದನ್ನು ಸಿನಿಮಾದಲ್ಲಿ ತೋರಿಸಬಹುದೇ ಎಂದು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದನ್ನು ನಾನೂ ಆಲೋಚನೆ ಮಾಡ್ತಾ ಇದ್ದೇನೆ," ಎಂದು ಲೋಟ ತೊಳೆಯತೊಡಗಿದರು. ಆ ವರ್ಷದ ವಿವಾದದಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕವಾದ ಮಾತು ಅದು.

ಯಕ್ಷಗಾನದ ವಿಷಯದಲ್ಲಿಯೂ ಇಂತಹುದೊಂದು ಉತ್ತರವಿಲ್ಲದ ಪ್ರಶ್ನೆ ಇದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಳಸಬಾರದೆಂಬ ನಿಯಮದಿಂದಾಗಿ ಕಟೀಲು ಮೇಳಗಳು 2022ರ ತಿರುಗಾಟದಲ್ಲಿ ಕಾಲಮಿತಿಯ ಆಟಕ್ಕೆ ಬಂದವು. 2024ರ ಜನವರಿಯಲ್ಲಿ ಮತ್ತೆ ರಾತ್ರಿಯಿಡೀ ಆಟ ಆರಂಭವಾಯಿತು. ಬೆಳಗಿನ ಜಾವದ ರಂಗಸ್ಥಳದ ಸೊಗಸನ್ನು ಕಾಲಮಿತಿ ಕೊಲ್ಲುತ್ತದೆ ಎನ್ನುವವರು ಒಂದೆಡೆ. ಮರುದಿನ ಕಚೇರಿಗೆ ಹೋಗಬೇಕಾದವನು ಸಂಸಾರಸಮೇತ ನೋಡಲು ಕಾಲಮಿತಿಯೇ ಸರಿ ಎನ್ನುವವರು ಇನ್ನೊಂದೆಡೆ. ನಾನು ಇಬ್ಬರ ಮಾತಿಗೂ ತಲೆದೂಗುತ್ತೇನೆ. ನಡುರಾತ್ರಿಯ ನಂತರ ನಾನು ಆಟದಲ್ಲಿ ತಲೆದೂಗುತ್ತಿದ್ದುದಕ್ಕೆ ಕಾರಣ ಬೇರೆ.

ಇಲ್ಲಿಂದ ನನ್ನ ಸಿದ್ಧಾಂತದ ಎರಡನೆಯ ಭಾಗ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲನೇಮಗಳೂ ನಿಲ್ಲುತ್ತವೆ. ಮಳೆಗಾಲದಲ್ಲಿ ನಮ್ಮನ್ನು ಕಾಯುವುದು ತಾಳಮದ್ದಳೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಅದರ ಸಪ್ತಾಹಗಳು ಬಹುಮಟ್ಟಿಗೆ ಮುಗಿದಿರುತ್ತವೆ. ಮೇಳಗಳು ಹೊರಡಲು ದೀಪಾವಳಿ ಕಳೆಯಬೇಕು. ಈ ನಡುವಿನ ತೆರಪಿನಲ್ಲಿ, ಸೆಕೆ ಏರಿ ಪಿತ್ತ ಕೆರಳಿರುವಾಗ, ವಾದ ಕೇಳಿ ಬೆಳೆದ ಈ ನಾಡಿಗೆ ವಾದವೇ ಇಲ್ಲ! ಹಸಿದ ಬಾಯಿ ಸಿಕ್ಕಿದ್ದನ್ನು ತಿನ್ನುತ್ತದೆ.

ತಾಳಮದ್ದಳೆಯನ್ನು ನೋಡದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ: ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಬರೆದಿಟ್ಟುಕೊಳ್ಳದ ಮಾತಿನಲ್ಲಿ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು, ಮಲ್ಪೆ ರಾಮದಾಸ ಸಾಮಗರ ಮಾತಿನ ಓಟವನ್ನು ಕೇಳಿದವರು ಈಗಲೂ ಅದನ್ನು ನೆನೆಯುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ನೆಲಕ್ಕೆ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ. ಸಭೆಯಲ್ಲಿರುವವರೆಲ್ಲ ರಾಮಭಕ್ತರೇ, ಆದರೂ ವಾಲಿಯ ಮಾತಿಗೆ ಚಪ್ಪಾಳೆ ತಟ್ಟುತ್ತಾರೆ. ಪ್ರಸಂಗದ ಪ್ರಕಾರ ವಾಲಿ ಸಾಯಲೇಬೇಕು, ವಾದದಲ್ಲಿ ಸೋಲಬೇಕೆಂದಿಲ್ಲ.

ಆ ಕಲೆಗೆ ಕೆಲವು ಕಟ್ಟುಗಳಿವೆ. ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳದೆ ಉತ್ತರಿಸಲಾಗದು, ಏಕೆಂದರೆ ಅವನು ಏನು ಹೇಳುವನೆಂದು ಮೊದಲೇ ತಿಳಿದಿರುವುದಿಲ್ಲ. ಮಾತು ಅತಿಯಾದರೆ ಭಾಗವತರು ತಾಳ ಎತ್ತಿಕೊಳ್ಳುತ್ತಾರೆ. ಇಂದು ರಾಮನಾದವನು ನಾಳೆ ಇನ್ನೊಂದೂರಿನಲ್ಲಿ ವಾಲಿಯಾಗಬೇಕಾದೀತು. ಆದ್ದರಿಂದ ಎರಡೂ ಪಕ್ಷದ ಅತ್ಯುತ್ತಮ ವಾದ ಅವನಿಗೆ ತಿಳಿದಿರಲೇಬೇಕು. ಮಂಗಳ ಹಾಡಿದ ಮೇಲೆ ಕೌರವನೂ ಕೃಷ್ಣನೂ ಒಂದೇ ಎಲೆಅಡಿಕೆ ತಟ್ಟೆಗೆ ಕೈಹಾಕಿ, ಒಂದೇ ಬಸ್ಸಿನಲ್ಲಿ ಊರಿಗೆ ಹೋಗುತ್ತಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಇವೊಂದೂ ಇಲ್ಲ. ಅಲ್ಲಿ ಎಲ್ಲರೂ ಅರ್ಥಧಾರಿಗಳು, ಭಾಗವತರಿಲ್ಲ, ಮಂಗಳವೂ ಇಲ್ಲ.

ಇದನ್ನು ಇಷ್ಟು ಉದ್ದವಾಗಿ ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳ ಒಂದು ತಂಡ ಹೀಗೆಯೇ ಒಂದು ಅಕ್ಟೋಬರಿನ ವಾದದಿಂದ ಎರಡು ಗುಂಪಾಗಿದೆ. ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಬುತ್ತಿಯಲ್ಲಿ ಉಂಡ ಇಬ್ಬರು ಅದರಲ್ಲಿದ್ದಾರೆ. ಸಹಪಾಠಿಯ ಮಗಳ ಮದುವೆಯಲ್ಲಿ ಒಬ್ಬನು ಒಂದು ಪಂಕ್ತಿಯಲ್ಲಿ ಕುಳಿತದ್ದನ್ನು ನೋಡಿ ಇನ್ನೊಬ್ಬನು ಮುಂದಿನ ಪಂಕ್ತಿಗೆ ಕಾದು ನಿಂತ. ಅವರಿಬ್ಬರ ನಡುವಿನ ವಿಷಯ ಹೊಲದ ಗಡಿಯಲ್ಲ, ಸಾಲದ ಹಣವಲ್ಲ. ಇಬ್ಬರಲ್ಲಿ ಯಾರೂ ಹತ್ತಿರದಿಂದ ನೋಡದ ಒಂದು ಸಂಗತಿ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಇವರಿಬ್ಬರನ್ನೇ ನಾನು ಪರ ಮತ್ತು ವಿರೋಧಕ್ಕೆ ನಿಲ್ಲಿಸುತ್ತಿದ್ದೆ, ಮರುವಾರ ಪಕ್ಷ ಬದಲಿಸುತ್ತಿದ್ದೆ. ಆಗ ಒಳ್ಳೆಯ ವಾಲಿಗಳಾಗಿದ್ದರು.

ಇಬ್ಬರಿಗೂ ದೂರವಾಣಿ ಮಾಡಿ ಒಂದು ಮನೆಕೆಲಸ ಕೊಟ್ಟೆ: ಎದುರಿನವನ ವಾದವನ್ನು ಒಂದು ಪುಟದಲ್ಲಿ ಬರೆಯಬೇಕು, ಅದನ್ನು ಓದಿದ ಎದುರಿನವನು 'ಹೌದು, ನಾನು ಹೇಳುವುದು ಇದನ್ನೇ' ಎನ್ನಬೇಕು. "ಈ ವಯಸ್ಸಿನಲ್ಲಿ ಹೋಮ್‌ವರ್ಕಾ ಸರ್?" ಎಂದು ಒಬ್ಬ ನಕ್ಕ, ಎರಡು ವಾರಗಳ ನಂತರ ಬರೆದು ಕಳುಹಿಸಿದ. ಎರಡು ಕಾಗುಣಿತದ ತಪ್ಪುಗಳಿದ್ದವು. ವಾದ ಮಾತ್ರ ನ್ಯಾಯವಾಗಿತ್ತು, ಮೂಲಕ್ಕಿಂತ ಚೆನ್ನಾಗಿಯೇ ಇತ್ತು. ಇನ್ನೊಬ್ಬನದು ಇನ್ನೂ ಬಂದಿಲ್ಲ. ಅವನು ಶಾಲೆಯಲ್ಲಿಯೂ ಮನೆಕೆಲಸವನ್ನು ತಡವಾಗಿಯೇ ಒಪ್ಪಿಸುತ್ತಿದ್ದ, ಒಪ್ಪಿಸದೆ ಇದ್ದುದು ಮಾತ್ರ ನೆನಪಿಲ್ಲ. ಅವನು ಇದನ್ನು ಓದುತ್ತಾನೆಂದು ನನಗೆ ಗೊತ್ತು.

ಸೆಕೆಗೆ ಋತುಚರ್ಯೆಯಲ್ಲಿ ಪರಿಹಾರವಿದೆ: ಕಹಿ ಮತ್ತು ಸಿಹಿ ಪದಾರ್ಥ ಹೆಚ್ಚಾಗಿ ತಿನ್ನಬೇಕು, ಮಧ್ಯಾಹ್ನದ ಬಿಸಿಲಿಗೆ ಹೋಗಬಾರದು, ರಾತ್ರಿ ಬೆಳದಿಂಗಳಲ್ಲಿ ಕುಳಿತುಕೊಳ್ಳಬೇಕು. ಹಗಲು ಸೂರ್ಯನಿಂದ ಕಾದು, ಇರುಳು ಚಂದ್ರನಿಂದ ತಣಿದ ನೀರನ್ನು ಹಂಸೋದಕವೆಂದು ಕರೆದು, ಈ ಕಾಲಕ್ಕೆ ಅದೇ ಅಮೃತ ಎಂದಿದ್ದಾರೆ. ಸಿಟ್ಟಿನ ಉತ್ತರವನ್ನು ಹಗಲು ಬರೆದು, ಒಂದು ರಾತ್ರಿ ಹೊರಗಿಟ್ಟು, ಬೆಳಿಗ್ಗೆ ಓದಿ ಕಳುಹಿಸಿದರೂ ಅದೇ ಗುಣ ಬರಬಹುದು. ಬೊಂಡ ಅಗ್ಗವಾಗಿಲ್ಲ, ಮಜ್ಜಿಗೆನೀರು ಸಾಕು. ದೀಪಾವಳಿಯ ರಾತ್ರಿ ಗದ್ದೆಯ ಬದುವಿನಲ್ಲಿ ದೀಪವಿಟ್ಟು ಬಲಿಯೇಂದ್ರನನ್ನು 'ಕೂ' ಎಂದು ಕರೆಯುವಾಗ ಒಬ್ಬರ ಕೂಗಿಗೆ ಆಚೆಯ ಗದ್ದೆಯವರು ಓಗೊಡುವುದು ನಮ್ಮಲ್ಲಿ ವಾಡಿಕೆ. ಆಚೆಯವರು ಯಾರ ಪಕ್ಷದವರೆಂದು ಆಗ ಯಾರೂ ಕೇಳುವುದಿಲ್ಲ. ಈ ಸಲವೂ ಕೂಗೋಣ. ಅಷ್ಟರೊಳಗೆ ಆ ಒಂದು ಪುಟವೂ ಬರಲಿ.